ದುಬಾಯ್ ಪಾದ್ರಿಗಳೂ ಅಂತಃಕರಣದ ಸಾಕ್ಷಿಯೂ

ಕಪಿಲೆಯಲ್ಲಿ ಮಿಂದು ಒದ್ದೆಬಟ್ಟೆಯಲ್ಲಿಯೇ ಶ್ರೀಕಂಠೇಶ್ವರನ ಗುಡಿಯಲ್ಲಿ ಉರುಳುಸೇವೆ ಮಾಡುವವರನ್ನೂ, ಹೊಳೆಯ ದಡದಲ್ಲಿ ಹರಕೆಯ ಮುಡಿ ಒಪ್ಪಿಸುವವರನ್ನೂ ನೋಡದವರು ಮೈಸೂರು ಸೀಮೆಯಲ್ಲಿ ವಿರಳ. ನಂಜನಗೂಡಿಗೆ ರೋಗಿಗಳು ಬರುತ್ತಾರೆ, ಮಕ್ಕಳಿಲ್ಲದವರು ಬರುತ್ತಾರೆ. ಅತ್ತ ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ಮೂಗೂರಿನಲ್ಲಿ ತ್ರಿಪುರಸುಂದರಿಯಮ್ಮನ ಜಾತ್ರೆ. ಸುತ್ತಣ ಹಳ್ಳಿಗಳವರ ಬಾಯಲ್ಲಿ ಆಕೆ ತಿಬ್ಬಾದೇವಿ. ಈ ಎರಡು ಊರುಗಳ ಆರಾಧನೆಯನ್ನು ಎರಡು ಶತಮಾನಗಳ ಹಿಂದೆ ಫ್ರಾನ್ಸ್ ದೇಶದ ಒಬ್ಬ ಕ್ರೈಸ್ತ ಪಾದ್ರಿಗಳು ಕಂಡು ಕೇಳಿ ಬರೆದಿಟ್ಟಿದ್ದಾರೆ. ನಂಜನಗೂಡಿನಲ್ಲಿ ಸಂತಾನವನ್ನು ಬೇಡಿ ಬಂದ ಹೆಂಗಸರು ನಡೆಸುತ್ತಿದ್ದರೆಂದು ಅವರು ಹೇಳುವ ಆಚರಣೆಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಮೋಗೂರಿನ ತಿಪ್ಪಮ್ಮನೆಂದು ಅವರು ಹೆಸರಿಸುವ ದೇವತೆ ನಮ್ಮ ಮೂಗೂರಿನ ತಿಬ್ಬಾದೇವಿಯೇ ಎಂದು ಕಾಣುತ್ತದೆ; ಆಕೆಯ ಮೆರವಣಿಗೆಯನ್ನೂ ಅಲ್ಲಿ ಹಾಡುತ್ತಿದ್ದ ಹಾಡುಗಳನ್ನೂ ಕುರಿತು ಅವರು ಬರೆದಿರುವುದು ತೀರ ಜುಗುಪ್ಸೆಯ ಮಾತು. ಲಾಭಕ್ಕಾಗಿ ಮಾಡಿದ ಹರಕೆ, ಗದ್ದಲದಲ್ಲಿ ಮುಗಿದುಹೋಗುವ ಉತ್ಸವ, ಇವುಗಳಲ್ಲಿ ಹೃದಯಕ್ಕೆ ಸ್ಥಾನವೆಲ್ಲಿ ಎಂಬುದು ಅವರ ಆಕ್ಷೇಪದ ಸಾರ.

ಈ ಆಕ್ಷೇಪ ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರೂ ತರುವಾಯದ ದಾಸರೂ ಇದನ್ನು ತಮ್ಮವರ ಎದುರಿಗೇ ಆಡಿದ್ದಾರೆ. ಆ ಪಾದ್ರಿಗಳಿಗಿಂತ ಕಟುವಾಗಿಯೇ ಆಡಿದ್ದಾರೆ. ವಿಶೇಷವಿರುವುದು ಬೇರೆಡೆಯಲ್ಲಿ. ನೆರೆಯವರ ಗುಡಿಯ ಮುಂದೆ ಹಿಡಿದ ಅಳತೆಗೋಲನ್ನೇ ಅವರು ತಮ್ಮ ಇಗರ್ಜಿಯೊಳಕ್ಕೂ ಕೊಂಡುಹೋದರು. ಅಳೆದು ನೋಡಿ, ತಮ್ಮ ಸಭೆಯವರಲ್ಲಿ ಪ್ರಾಮಾಣಿಕ ಭಕ್ತಿಯೇ ಇಲ್ಲವೆಂದು ಅಚ್ಚುಮಾಡಿಸಿ ಸಾರಿದರು. ಧರ್ಮಪ್ರಚಾರಕ್ಕೆಂದೇ ಬಂದವರೊಬ್ಬರು ತಮ್ಮ ಮೂವತ್ತು ವರ್ಷಗಳ ದುಡಿಮೆಯ ಮೇಲೆ ಇಂಥ ತೀರ್ಪು ಕೊಟ್ಟ ಉದಾಹರಣೆ ನಮ್ಮ ನಾಡಿನ ಚರಿತ್ರೆಯಲ್ಲಿ ಬಹು ಅಪರೂಪ.

ಈ ಪಾದ್ರಿಗಳು ಅಬ್ಬೆ ಜಾನ್ ಆಂತ್ವಾನ್ ದುಬಾಯ್. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘಕ್ಕೆ ಸೇರಿದವರು. 1792ರಲ್ಲಿ ಫ್ರಾನ್ಸನ್ನು ಬಿಟ್ಟು ಪುದುಚೇರಿಯ ಮಿಷನ್ನಿಗೆ ಬಂದರು. ಮೊದಲು ಕೆಲವು ವರ್ಷ ತಮಿಳು ಸೀಮೆಯಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಬಂದು ನೆಲಸಿದರು. ತಲೆಗೆ ರುಮಾಲು ಸುತ್ತಿ, ಈ ದೇಶದ ಉಡುಪನ್ನೇ ಉಟ್ಟು, ಮಾಂಸವನ್ನು ತೊರೆದು, ಕೈಯಲ್ಲಿ ಬಿದಿರಿನ ಕೋಲು ಹಿಡಿದು ಊರೂರು ತಿರುಗುತ್ತಿದ್ದ ಅವರನ್ನು ಜನರು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರಂತೆ. ಸಿಡುಬಿನ ಭಯದಲ್ಲಿದ್ದ ನಾಡಿನಲ್ಲಿ 1803-04ರ ಕೆಲವೇ ತಿಂಗಳುಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಮೀರಿ ಜನರಿಗೆ ದೇವಿ ಹಾಕಿಸಿದ ಕೀರ್ತಿ ಅವರದು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿಕೊಂಡ ಮೇಲೆ, ಮದರಾಸಿನ ಗವರ್ನರ್ ಬೆಂಟಿಂಕ್ 1807ರಲ್ಲಿ ಎರಡು ಸಾವಿರ ವರಹಕ್ಕೆ ಕಂಪೆನಿಗಾಗಿ ಕೊಂಡನು. ಹೆಚ್ಚು ವಿಸ್ತಾರವಾದ ರೂಪದಲ್ಲಿ ಅದು ಬೋಷಾಂ ಎಂಬವನ ಇಂಗ್ಲಿಷ್ ಅನುವಾದವಾಗಿ 1897ರಲ್ಲಿ ಹೊರಬಂದಿತು. ಅದು ಹೆಸರುವಾಸಿಯಾದ ಪುಸ್ತಕ. ಆದರೆ ಇಲ್ಲಿ ಮುಖ್ಯವಾದುದು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಮತ್ತೊಂದು ಸಣ್ಣ ಪುಸ್ತಕ: ಹಿಂದೂದೇಶದ ಕ್ರೈಸ್ತಮತದ ಸ್ಥಿತಿಯನ್ನು ಕುರಿತು, ಬಹುಪಾಲು ಶ್ರೀರಂಗಪಟ್ಟಣದಿಂದ, 1815ರಿಂದ ಮುಂದಕ್ಕೆ ಬರೆದ ಪತ್ರಗಳು.

ಈ ಪತ್ರಗಳಲ್ಲಿ ಮೂಗೂರಿನ ಜಾತ್ರೆಯ ಪ್ರತಿಧ್ವನಿಯೇ ಕೇಳಿಸುತ್ತದೆ. ಈ ಸಲ ಮೆರವಣಿಗೆ ಮಾತ್ರ ಕ್ರೈಸ್ತರದು. ರಾತ್ರಿಯ ಹೊತ್ತು, ನೂರಾರು ತಮಟೆ ಕಹಳೆಗಳ ನಡುವೆ, ಪಂಜು ಬಾಣಬಿರುಸುಗಳ ಬೆಳಕಿನಲ್ಲಿ, ಹೂಮಾಲೆಗಳಿಂದ ಮುಚ್ಚಿದ ತೇರಿನ ಮೇಲೆ ಸಂತರ ವಿಗ್ರಹವನ್ನಿಟ್ಟು ಬೀದಿಯಲ್ಲಿ ಎಳೆಯುತ್ತಾರೆ. ಜನರು ಕುಣಿಯುತ್ತಾರೆ, ಕೂಗುತ್ತಾರೆ, ಹಿಂದೂಗಳೂ ಬಂದು ಸೇರಿಕೊಳ್ಳುತ್ತಾರೆ. ಪ್ರಾರ್ಥನೆ ಮಾಡುವವರನ್ನು ಹುಡುಕಬೇಕು. ಇದನ್ನು ಕಂಡಾಗಲೆಲ್ಲ ತಮಗೆ ನಾಚಿಕೆಯಾಗುತ್ತಿತ್ತೆಂದು ಪಾದ್ರಿಗಳು ಒಪ್ಪಿಕೊಂಡಿದ್ದಾರೆ. ಆದರೆ ಅದೇ ಪತ್ರಗಳಲ್ಲಿ, ಈ ದೇಶದ ಜನರ ಮನಸ್ಸನ್ನು ಹಿಡಿಯಬಲ್ಲ ಕ್ರೈಸ್ತಪಂಥವೊಂದಿದ್ದರೆ ಅದು ಹೊರಗಣ ವೈಭವವುಳ್ಳ ಕಥೋಲಿಕ ಪಂಥವೇ ಎಂದೂ ವಾದಿಸುತ್ತಾರೆ. ಹೊರಗಣ ಆಡಂಬರ ಬೇಕು, ಬಂದಾಗ ನಾಚಿಕೆಯೂ ಆಗಬೇಕು. ಈ ಇಬ್ಬಂದಿ ಅವರೊಬ್ಬರದಲ್ಲ. ಹಣೆಯ ಗಂಧ, ತಾಳಿ, ಮದುವೆಯ ಶಾಸ್ತ್ರಗಳು ಕೇವಲ ದೇಶಾಚಾರವೋ ಮತದ ಗುರುತೋ ಎಂಬ ವಿವಾದ ದಕ್ಷಿಣದ ಮಿಷನ್ನುಗಳನ್ನು ನಲವತ್ತು ವರ್ಷ ಕಲಕಿ, ರೋಮಿನಿಂದ ಬಂದ ಪ್ರತಿನಿಧಿ ಟೂರ್ನೋನನ 1704ರ ಆಜ್ಞೆಯಿಂದ ಮೊದಲಾಗಿ ಪೋಪ್ 14ನೆಯ ಬೆನೆಡಿಕ್ಟನ 1744ರ ಶಾಸನದವರೆಗೆ ನಡೆದಿತ್ತು. ಆ ಶಾಸನದ ತರುವಾಯವೇ ಸಭೆ ಕುಗ್ಗಿತೆಂದು ದುಬಾಯ್ ಪಾದ್ರಿಗಳ ನಂಬಿಕೆ.

ಇಷ್ಟು ಉತ್ಸವದ ಮಾತಾಯಿತು. ಪಾದ್ರಿಗಳನ್ನು ನಿಜವಾಗಿ ಕಲಕಿದ ಪ್ರಸಂಗ ಮತ್ತೊಂದು. ಅದಕ್ಕಾಗಿಯೇ ಅವರು ಶ್ರೀರಂಗಪಟ್ಟಣಕ್ಕೆ ಬಂದದ್ದು.

1784ರಲ್ಲಿ ಟೀಪು ಸುಲ್ತಾನನು ಕನ್ನಡ ಜಿಲ್ಲೆಯ ಕಥೋಲಿಕ ಕ್ರೈಸ್ತರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದನು. ಯುದ್ಧಕಾಲದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಶಂಕೆ ಅದಕ್ಕೆ ಮುಖ್ಯ ಕಾರಣ. ಸೆರೆಯಾದವರು ಅರವತ್ತು ಸಾವಿರಕ್ಕೂ ಮಿಕ್ಕಿ ಎಂದು ಪಾದ್ರಿಗಳ ಲೆಕ್ಕ; ಬೇರೆ ಲೆಕ್ಕಗಳಲ್ಲಿ ಈ ಸಂಖ್ಯೆ ಬಹಳ ಇಳಿಯುತ್ತದೆ. ಸಂಖ್ಯೆ ಎಷ್ಟೇ ಇರಲಿ, ಹಾದಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅನೇಕರು. ಬದುಕಿದ ಗಂಡಸರಿಗೆ ಸುನ್ನತಿಯಾಯಿತು, ಹೆಸರು ಬದಲಾಯಿತು, ಎಷ್ಟೋ ಮಂದಿ ಸುಲ್ತಾನನ ಸೈನ್ಯಕ್ಕೆ ಸೇರಿಸಲ್ಪಟ್ಟರು. ನಂಜನಗೂಡಿನ ಗುಡಿಯಲ್ಲಿ ಇಂದಿಗೂ ತೋರಿಸುವ ಪಚ್ಚೆಲಿಂಗ ಇದೇ ಸುಲ್ತಾನನ ಕಾಣಿಕೆ ಎಂದು ಪ್ರತೀತಿ; ಆನೆಯ ಕಣ್ಣಿನ ಬೇನೆ ಗುಣವಾದುದರಿಂದ ಅವನು ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂದೂ ಹೇಳುತ್ತಾರೆ. ಒಂದೇ ಕೈಯ ಈ ಎರಡು ಕೆಲಸಗಳನ್ನು ಪಕ್ಕಪಕ್ಕದಲ್ಲಿಟ್ಟು, ಆ ದೊರೆಯ ಹೃದಯದಲ್ಲಿ ಏನಿತ್ತೆಂದು ಹೇಳಲು ಹೊರಟವರು ತಮ್ಮ ತಮ್ಮ ಹೃದಯದಲ್ಲಿದ್ದುದನ್ನೇ ಹೇಳಿ ಮುಗಿಸಿದ್ದಾರೆ.

ಹದಿನೈದು ವರ್ಷ ಕಳೆದುವು. 1799ರಲ್ಲಿ ಸುಲ್ತಾನನು ಮಡಿದ ಮೇಲೆ ಈ ಜನರು ಗುಂಪುಗುಂಪಾಗಿ ಹಿಂದಿರುಗಿದರು. ಸುಮಾರು ಎರಡು ಸಾವಿರ ಮಂದಿ ದುಬಾಯ್ ಪಾದ್ರಿಗಳ ಬಳಿಗೇ ಬಂದರೆಂದೂ, ಇಪ್ಪತ್ತು ಸಾವಿರದಷ್ಟು ಜನರು ಮಂಗಳೂರಿನ ಕಡೆಗೆ ಮರಳಿದರೆಂದೂ ಅವರು ಬರೆಯುತ್ತಾರೆ. ಬಂದವರು ಹೇಳಿದ್ದು ಒಂದೇ ಮಾತು: ತಾವು ಮತ ಬಿಟ್ಟದ್ದು ಮೈಯಿಂದ ಮಾತ್ರ, ಕ್ರಿಸ್ತನಲ್ಲಿ ನಂಬಿಕೆಯನ್ನು ಮನಸ್ಸಿನೊಳಗೆ ಎಂದೂ ಬಿಟ್ಟಿರಲಿಲ್ಲ.

ಇಲ್ಲಿ ಕಥೋಲಿಕ ಸಭೆಯ ಕ್ರಮವನ್ನು ಕುರಿತು ಎರಡು ಮಾತು ಹೇಳಬೇಕು. ಪರಮಪ್ರಸಾದವನ್ನು ಸ್ವೀಕರಿಸುವುದಕ್ಕೆ ಮೊದಲು ಪ್ರತಿಯೊಬ್ಬನೂ ತನ್ನನ್ನು ತಾನೇ ಶೋಧಿಸಿಕೊಳ್ಳಬೇಕೆಂಬ ವಿಧಿ ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದಷ್ಟು ಹಳೆಯದು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು 1215ರ ಲ್ಯಾಟರನ್ ಮಹಾಸಭೆ ಕಟ್ಟುಮಾಡಿತು. ಹದಿನಾರನೆಯ ಶತಮಾನದಲ್ಲಿ ಯೇಸುಸಭೆಯನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲನು ಈ ಶೋಧನೆಯನ್ನು ದಿನದಿನದ ಅಭ್ಯಾಸವನ್ನಾಗಿ ಮಾಡಿದನು. ಮೈಸೂರು ದೇಶಕ್ಕೆ ಹದಿನೇಳನೆಯ ಶತಮಾನದ ನಡುವಿನಲ್ಲಿ ಬಂದು ಮಿಷನ್ನನ್ನು ಆರಂಭಿಸಿದ ಲಿಯೊನಾರ್ಡೊ ಚಿನ್ನಾಮಿ ಆ ಸಭೆಯವನೇ. ಮೊದಲು ಅಂತಃಕರಣದ ಶೋಧನೆ, ಬಳಿಕ ಪಶ್ಚಾತ್ತಾಪ, ಇನ್ನು ಮಾಡೆನೆಂಬ ಸಂಕಲ್ಪ, ಗುರುವಿನ ಮುಂದೆ ನಿವೇದನೆ, ಕೊನೆಗೆ ಪ್ರಾಯಶ್ಚಿತ್ತ. ಈ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಶೋಧಿಸುವವನೂ ಸಾಕ್ಷಿ ನುಡಿಯುವವನೂ ಆಪಾದಿಸುವವನೂ ಪಾಪಿಯೇ. ಗುರುವು ನ್ಯಾಯಸ್ಥಾನದಲ್ಲಿ ಕುಳಿತಿದ್ದರೂ ಮುಂದೆ ಮೊಣಕಾಲೂರಿದವನ ಎದೆಯೊಳಕ್ಕೆ ಇಣುಕಲಾರನು. ಬಂದ ಮಾತನ್ನು ನಂಬಿ ಕ್ಷಮೆಯನ್ನು ಸಾರಬೇಕು.

ದುಬಾಯ್ ಪಾದ್ರಿಗಳೂ ಹೀಗೆಯೇ ಬಂದವರನ್ನು ಸಭೆಗೆ ಮರಳಿ ಸೇರಿಸಿಕೊಂಡರು. ಆದರೆ ಕಾಗದದ ಮುಂದೆ ಕುಳಿತಾಗ ಅವರು ಬೇರೊಬ್ಬರಾದರು. ಇಷ್ಟು ಸಾವಿರ ಜನರಲ್ಲಿ ಒಬ್ಬನಿಗಾದರೂ ನಂಬಿಕೆಯನ್ನು ಬಾಯಿಬಿಟ್ಟು ಹೇಳಿ ಪ್ರಾಣ ಕೊಡುವ ಧೈರ್ಯವಿರಲಿಲ್ಲವೆಂದೂ, ಕ್ರೈಸ್ತಸಭೆಯ ಚರಿತ್ರೆಯಲ್ಲಿಯೇ ಇಂಥ ಹೇಡಿತನದ ಧರ್ಮತ್ಯಾಗ ಮತ್ತೊಂದಿಲ್ಲವೆಂದೂ ಬರೆದರು. ಇನ್ನೊಮ್ಮೆ ಅಂಥ ಪರೀಕ್ಷೆ ಬಂದರೆ ಫಲ ಇದೇ ಆದೀತೆಂಬ ಭಯವನ್ನೂ ಸೇರಿಸಿದರು. ನಿವೇದನೆಯ ಪೀಠದಲ್ಲಿ ಕ್ಷಮಿಸಿದ್ದನ್ನು ಪತ್ರದಲ್ಲಿ ಕ್ಷಮಿಸಲಿಲ್ಲ.

ಚರಿತ್ರೆಯಲ್ಲಿ ಮತ್ತೊಂದಿಲ್ಲವೆಂಬ ಮಾತು ನಿಲ್ಲುವಂಥದಲ್ಲ. ಪಾದ್ರಿಗಳಂಥ ವಿದ್ವಾಂಸರು ಇದನ್ನು ಹೇಗೆ ಬರೆದರೋ ಆಶ್ಚರ್ಯ. ಕ್ರಿ. ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ಸನು ಎಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಅಧಿಕಾರಿಗಳಿಂದ ಚೀಟಿ ಪಡೆಯಬೇಕೆಂದು ಆಜ್ಞೆ ಮಾಡಿದಾಗ, ಆಫ್ರಿಕದ ಕಾರ್ಥೇಜ್ ಪಟ್ಟಣದಲ್ಲಿ ಕ್ರೈಸ್ತರು ಬಲವಂತವನ್ನೂ ಕಾಯದೆ ಗುಂಪುಗಟ್ಟಿ ಬಲಿಪೀಠಕ್ಕೆ ಓಡಿದರು. ಕೆಲವರು ಬಲಿ ಕೊಡದೆ ದುಡ್ಡು ಕೊಟ್ಟು ಚೀಟಿ ಕೊಂಡರು. ಬಿಷಪ್ ಸಿಪ್ರಿಯನ್ನನೇ ಊರು ಬಿಟ್ಟು ಮರೆಯಾಗಿದ್ದು, ಮಾರನೆಯ ವರ್ಷ ಹಿಂದಿರುಗಿದನು. ಬಿದ್ದವರು ಅಳುತ್ತ ಮರಳಿ ಬಂದಾಗ, ಅವರನ್ನು ಸೇರಿಸಿಕೊಳ್ಳಲೇಬಾರದೆಂದು ರೋಮಿನಲ್ಲಿ ನೊವೇಷಿಯನ್ ಹಟ ಹಿಡಿದನು. ಕಾರ್ಥೇಜಿನ ಸಭೆ ತಪ್ಪಿನ ತಾರತಮ್ಯವನ್ನು ನೋಡಿ, ಪ್ರಾಯಶ್ಚಿತ್ತ ವಿಧಿಸಿ, ಬಾಗಿಲನ್ನು ತೆರೆದಿಟ್ಟಿತು. ಸಭೆಯ ಮಾರ್ಗವಾಗಿ ಉಳಿದದ್ದು ಎರಡನೆಯದೇ. ಅಂದು ಮರೆಯಾಗಿದ್ದ ಸಿಪ್ರಿಯನ್ 258ರಲ್ಲಿ ಕತ್ತಿಗೆ ತಾನಾಗಿಯೇ ಕುತ್ತಿಗೆಯೊಡ್ಡಿದನು. ಒಂದು ಪರೀಕ್ಷೆಯಲ್ಲಿ ನಿಲ್ಲದವನು ಇನ್ನೊಂದರಲ್ಲಿ ಏನು ಮಾಡುವನೆಂದು ಮೊದಲೇ ಲೆಕ್ಕ ಹಾಕಲು ಬರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಪಾದ್ರಿಗಳ ತೂಕದಲ್ಲಿಯೇ ಇದೆ. ಸೆರೆಯವರು ಬಿದ್ದದ್ದನ್ನು ಅವರು ಒಂದು ತಟ್ಟೆಗೆ ಹಾಕಿದರು; ಎದ್ದು ಬಂದದ್ದನ್ನು ಮತ್ತೊಂದಕ್ಕೆ ಹಾಕಲಿಲ್ಲ. ಹದಿನೈದು ವರ್ಷವೆಂದರೆ ಸೆರೆಯಲ್ಲಿ ಹುಟ್ಟಿದ ಕೂಸು ಪ್ರಾಯಕ್ಕೆ ಬರುವಷ್ಟು ಕಾಲ. ಪಾದ್ರಿಗಳಿಲ್ಲ, ಪೂಜೆಯಿಲ್ಲ, ಇಗರ್ಜಿಗಳು ನೆಲಸಮವಾಗಿದ್ದುವು. ತಿರುಗಿ ಬಂದವರಿಗೆ ಮನೆ ಗದ್ದೆಗಳು ಕಾದಿರಲಿಲ್ಲ. ಅನೇಕರ ಭೂಮಿ ಅನ್ಯರ ಕೈಸೇರಿತ್ತು. ಹಿಂದೆ ಎಂದೋ ಕಲಿತ ಪ್ರಾರ್ಥನೆಯನ್ನು ಅಡಗಿ ಕುಳಿತು ಪಿಸುಗುಟ್ಟಿದ ತಾಯಂದಿರು ಇಲ್ಲದಿದ್ದರೆ ಈ ಮರಳುವಿಕೆಯೇ ಆಗುತ್ತಿರಲಿಲ್ಲ. ಹುತಾತ್ಮನ ನಂಬಿಕೆಗೆ ಸಾವು ಸಾಕ್ಷಿ. ಇವರ ನಂಬಿಕೆಗೆ ಮರಳಿ ಬಂದ ನಡಿಗೆಯೇ ಸಾಕ್ಷಿ. ಮೊದಲನೆಯದು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಎರಡನೆಯದು ಸಾಕ್ಷಿಯೇ ಅಲ್ಲವೆನ್ನುವುದು ನ್ಯಾಯವಲ್ಲ.

ತಾವೇ ಮತಕ್ಕೆ ತಂದವರನ್ನು ಕುರಿತೂ ಪಾದ್ರಿಗಳು ಇಷ್ಟೇ ಕಠಿಣರು. ಇಪ್ಪತ್ತೈದು ವರ್ಷಗಳಲ್ಲಿ ತಾವು ದೀಕ್ಷೆ ಕೊಟ್ಟವರು ಹೆಂಗಸರು ಗಂಡಸರು ಸೇರಿ ಇನ್ನೂರರಿಂದ ಮುನ್ನೂರು ಮಂದಿ. ಅವರಲ್ಲಿ ಮೂರರಲ್ಲೆರಡು ಪಾಲು ಹೊಲೆಗೇರಿಯವರು, ಭಿಕ್ಷುಕರು. ಉಳಿದವರು ಜಾತಿಯಿಂದ ಹೊರಬಿದ್ದವರು, ಆಸರೆಗಾಗಿಯೋ ಮದುವೆಗಾಗಿಯೋ ಬಂದವರು. ನಿಷ್ಕಾಮವಾಗಿ, ಮನಸ್ಸಿಗೆ ನಿಶ್ಚಯವಾಗಿ ಬಂದವನೊಬ್ಬನೂ ತಮ್ಮ ನೆನಪಿನಲ್ಲಿಲ್ಲ. ಕೆಲವರು ಬಿಟ್ಟುಹೋದರು, ಉಳಿದವರೇ ತಮ್ಮ ಸಭೆಯಲ್ಲಿ ಕೀಳಾದವರು. ನಾಚಿಕೆಯಿಂದ ಬರೆಯುತ್ತಿದ್ದೇನೆಂಬುದನ್ನು ಅವರು ಮರೆಮಾಡಿಲ್ಲ. ತಮ್ಮ ಲೆಕ್ಕಪುಸ್ತಕವನ್ನು ಹೀಗೆ ತೆರೆದಿಟ್ಟ ಧೈರ್ಯ ಮೆಚ್ಚಬೇಕಾದದ್ದೇ. ಆಳುವವರನ್ನೂ ಚಂದಾ ಕೊಡುವವರನ್ನೂ ಒಲಿಸಿಕೊಳ್ಳಲು ಸಂಖ್ಯೆಗಳನ್ನು ಉಬ್ಬಿಸಿ ಬರೆಯುವ ವರದಿಗಳು ಆ ಕಾಲದಲ್ಲಿ ಕಡಮೆಯಾಗಿರಲಿಲ್ಲ. ಆದರೆ ಹಸಿವೆಯಿಂದ ಬಂದವನ ನಂಬಿಕೆಯನ್ನು ಹಸಿವೆಯೆಂದೇ ಎಣಿಸಿದ ಈ ಕಣ್ಣು, ಮಗುವಿಗಾಗಿ ನಂಜನಗೂಡಿಗೆ ಬಂದ ಹೆಂಗಸನ್ನು ನೋಡಿದ ಕಣ್ಣೇ. ಊರಿನ ಬಾವಿಯಿಂದ ದೂರವಿರಿಸಲ್ಪಟ್ಟವನೊಬ್ಬನು ಮನುಷ್ಯನಂತೆ ನಿಲ್ಲುವ ಸ್ಥಳವನ್ನು ಹುಡುಕಿ ಬಂದರೆ ಅದು ಲಾಭದ ಆಸೆಯೆ? ದೇವರ ಮುಂದೆ ಅವನು ಬೇಡಬಹುದಾದ ಮೊದಲ ಮಾತು ಅದೇ ಇರಬಹುದು. ಆಸೆಯೂ ಭಕ್ತಿಯೂ ಒಂದೇ ಎದೆಯಲ್ಲಿ ಬೆರೆತಿರುತ್ತವೆಂಬುದು ಗುಡಿಯ ಅರ್ಚಕನಿಗೂ ಇಗರ್ಜಿಯ ಪಾದ್ರಿಗೂ ತಿಳಿದದ್ದೇ.

ಪತ್ರಗಳು ಅಚ್ಚಾದೊಡನೆ ಇಂಗ್ಲೆಂಡಿನಲ್ಲಿ ಗದ್ದಲವೆದ್ದಿತು. ಮದರಾಸು ಪ್ರಾಂತದಲ್ಲಿ ಚಾಪ್ಲಿನ್ ಆಗಿದ್ದ ಜೇಮ್ಸ್ ಹೌ, ಬಂಗಾಳದಲ್ಲಿ ದುಡಿದ ಹೆನ್ರಿ ಟೌನ್ಲಿ, ಇಬ್ಬರೂ 1824ರಲ್ಲಿ ಪುಸ್ತಕರೂಪದ ಉತ್ತರಗಳನ್ನು ಹೊರಡಿಸಿದರು. ಪಂಥಭೇದದ ಬಿಸಿ ಎರಡು ಕಡೆಯಲ್ಲಿಯೂ ಇತ್ತಾದುದರಿಂದ ಆ ವಾದದ ವಿವರ ಇಂದು ಅಷ್ಟೊಂದು ರುಚಿಸದು. ಇಪ್ಪತ್ತು ವರ್ಷಗಳ ತರುವಾಯ, 1844ರಲ್ಲಿ, ಮಂಗಳೂರಿನ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯನು ಬಾಸೆಲ್ ಮಿಷನ್ನಿನಲ್ಲಿ ದೀಕ್ಷೆ ಪಡೆದು, ಬಂಧುಗಳನ್ನೂ ಕುಲವನ್ನೂ ಕಳೆದುಕೊಂಡು, ಬಾಸೆಲ್ಲಿಗೆ ಹೋಗಿ ಓದಿ ಬಂದು ಬಾಳಿನ ಕೊನೆಯವರೆಗೂ ಆ ಮತದಲ್ಲಿ ನಿಂತನು. ಲೋಕದ ಲಾಭವನ್ನು ಕಾಣದೆ ಬಂದವನಿಲ್ಲವೆಂಬ ಮಾತಿಗೆ ಪುಸ್ತಕಗಳಿಗಿಂತ ಗಟ್ಟಿಯಾದ ಉತ್ತರವದು. ದುಬಾಯ್ ಪಾದ್ರಿಗಳು ಆಗ ಇನ್ನೂ ಬದುಕಿದ್ದರು. ಸಾವಿರಾರು ಮೈಲಿ ದೂರದಲ್ಲಿ, ಪ್ಯಾರಿಸ್ಸಿನಲ್ಲಿ.

ಇತರರ ಹೃದಯವನ್ನು ಇಷ್ಟು ಬಿಗಿಯಾಗಿ ಅಳೆದವರ ಹೃದಯವೇನಾಗಿತ್ತು? ಅವರ ಬಾಳಿನಲ್ಲಿಯೂ ಒಂದೆರಡು ಸಂಗತಿಗಳು ಎದ್ದು ತೋರುತ್ತವೆ. ಅವರು ಫ್ರಾನ್ಸನ್ನು ಬಿಟ್ಟ 1792ರಲ್ಲಿಯೇ, ಸೆಪ್ಟೆಂಬರ್ ತಿಂಗಳಲ್ಲಿ, ಕ್ರಾಂತಿಸರ್ಕಾರ ವಿಧಿಸಿದ ಪ್ರಮಾಣಕ್ಕೆ ಒಪ್ಪದ ಪಾದ್ರಿಗಳು ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ನೂರಾರು ಮಂದಿ ಕೊಲೆಯಾದರು. ದುಬಾಯ್ ಪಾದ್ರಿಗಳು ಮಿಷನ್ನಿಗೆಂದು ಹೊರಟವರು. ಅಂಜಿ ಓಡಿದವರೆನ್ನುವುದಕ್ಕೆ ಆಧಾರವಿಲ್ಲ. ಆದರೆ ಶ್ರೀರಂಗಪಟ್ಟಣದ ಸೆರೆಯವರು ಸೋತರೆಂದು ಅವರು ಹಳಿದ ಪರೀಕ್ಷೆ ತಮ್ಮ ತಲೆಯ ಮೇಲೆ ಬೀಳದೆ ತಪ್ಪಿಹೋಗಿತ್ತೆಂಬುದು ನಿಜ. ಇನ್ನೊಂದು ಸಂಗತಿ ಬಹು ಕಾಲದ ಮೇಲೆ ಬೆಳಕಿಗೆ ಬಂದದ್ದು. ಅವರ ಹೆಸರನ್ನು ಲೋಕಪ್ರಸಿದ್ಧ ಮಾಡಿದ ಆಚಾರ ವ್ಯವಹಾರಗಳ ಗ್ರಂಥದ ಬಹುಭಾಗ, 1779ರಲ್ಲಿ ತೀರಿಕೊಂಡ ಕೂರ್ದೂ ಎಂಬ ಯೇಸುಸಭೆಯ ಪಾದ್ರಿಗಳ ಹಸ್ತಪ್ರತಿಯಿಂದ ಎತ್ತಿಕೊಂಡದ್ದೆಂದು ಫ್ರಾನ್ಸಿನ ವಿದುಷಿ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ನಂಜನಗೂಡು ಮೂಗೂರುಗಳ ಮಾತು ಮೈಸೂರಿನಲ್ಲಿ ಬಾಳಿದವರದೇ ಆಗಿರಬೇಕು. ಪತ್ರಗಳಂತೂ ಸಂದೇಹವಿಲ್ಲದೆ ಅವರವೇ. ಆದರೂ ಎರಡು ಸಾವಿರ ವರಹದ ಪುಸ್ತಕದಲ್ಲಿ ಕೂರ್ದೂ ಅವರ ಹೆಸರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. ಅದನ್ನು ತಮ್ಮ ದಿನದಿನದ ಶೋಧನೆಯಲ್ಲಿ ಅವರು ಹೇಗೆ ಎಣಿಸಿದರೋ, ಅದು ಅವರಿಗೂ ಅವರ ದೇವರಿಗೂ ಸೇರಿದ ಮಾತು.

1823ರ ಜನವರಿಯಲ್ಲಿ ಪಾದ್ರಿಗಳು ಹಿಂದೂದೇಶವನ್ನು ಬಿಟ್ಟರು. ಹಡಗಿನ ಖರ್ಚನ್ನೂ ಒಂದು ವಿಶ್ರಾಂತಿವೇತನವನ್ನೂ ಕಂಪೆನಿ ಕೊಟ್ಟಿತು. ಈ ದೇಶದವರು ಕ್ರೈಸ್ತರಾಗಲಾರರೆಂದು ಸಾರಿದವರು ಪ್ಯಾರಿಸ್ಸಿಗೆ ಹೋಗಿ ಮಾಡಿದ ಕೆಲಸವೇನು? ಅದೇ ವಿದೇಶ ಮಿಷನ್ ಸಂಘದ ವಿದ್ಯಾಲಯದಲ್ಲಿ, ಪೂರ್ವದೇಶಗಳಿಗೆ ಹೊರಡುವ ತರುಣ ಪಾದ್ರಿಗಳನ್ನು ತಿದ್ದುವುದು! ಕೆಲವು ವರ್ಷ ಆ ವಿದ್ಯಾಲಯಕ್ಕೆ ಅವರೇ ಮುಖ್ಯಾಧಿಕಾರಿಗಳೂ ಆಗಿದ್ದರು. ನಂಬಿಕೆ ಬತ್ತಿಹೋಗಿದ್ದರೆ ಆ ಪೀಠದಲ್ಲಿ ಕುಳಿತಿರಲಾರರು. ಮೈಸೂರಿನಲ್ಲಿ ಬರೆದದ್ದು ನಿರಾಶೆಯ ಮಾತೇ ಹೊರತು ನಾಸ್ತಿಕ್ಯದ ಮಾತಲ್ಲವೆಂದು ಇದರಿಂದ ತಿಳಿಯಬೇಕು. 1848ರಲ್ಲಿ ಅವರು ತೀರಿಕೊಂಡರು.

ಅದೇ ವಿದ್ಯಾಲಯದ ಸಂಘದಿಂದ ಜಪಾನಿಗೆ ಹೋದ ಪೆತಿಜಾನ್ ಎಂಬ ಪಾದ್ರಿಗಳು 1865ರಲ್ಲಿ ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ ಇಗರ್ಜಿಯಲ್ಲಿದ್ದರು. ಆ ದೇಶದಲ್ಲಿ 1614ರಿಂದ ಕ್ರೈಸ್ತಮತ ನಿಷಿದ್ಧ. ಕ್ರೈಸ್ತನಲ್ಲವೆಂದು ತೋರಿಸಲು ಕ್ರಿಸ್ತನದೋ ಮರಿಯಮ್ಮನದೋ ಚಿತ್ರವನ್ನು ಊರವರೆಲ್ಲ ಕಾಲಿನಿಂದ ಮೆಟ್ಟಬೇಕೆಂಬ ವಿಧಿ ಎರಡು ಶತಮಾನಗಳಿಗೂ ಮಿಕ್ಕಿ ನಡೆದಿತ್ತು. ಉರಕಾಮಿ ಎಂಬ ಹಳ್ಳಿಯವರೂ ಮೆಟ್ಟಿದವರೇ. ಮೆಟ್ಟಿ, ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದವರ ಮಕ್ಕಳು ಮೊಮ್ಮಕ್ಕಳು. ಮಾರ್ಚ್ 17ರಂದು ಅವರಲ್ಲಿ ಹತ್ತು ಹದಿನೈದು ಮಂದಿ ಇಗರ್ಜಿಗೆ ಬಂದು, ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಬಳಿಕ ಒಬ್ಬ ಹೆಂಗಸು ಮುಂದೆ ಬಂದು, ತಮ್ಮೆಲ್ಲರ ಹೃದಯವೂ ಪಾದ್ರಿಗಳ ಹೃದಯವೂ ಒಂದೇ ಎಂದು ಮೆಲ್ಲನೆ ತಿಳಿಸಿ, ಮರಿಯಮ್ಮನ ವಿಗ್ರಹವೆಲ್ಲಿದೆಯೆಂದು ಕೇಳಿದಳು. ಪೆತಿಜಾನ್ ಪಾದ್ರಿಗಳು ಅವಳ ಪೂರ್ವಿಕರ ಲೆಕ್ಕವನ್ನು ಕೇಳದೆ, ಅವರನ್ನು ಪೀಠದ ಬಳಿಗೆ ಕರೆದುಕೊಂಡು ಹೋದರು.